ಮಲಗಿದ ಹೊಳೆ

ತೀರಿಹೋದ ಯುವರಾಜನ ದಿನಕರ್ಮಗಳೆಲ್ಲ ಮುಗಿದ ಮರುದಿನ ಬೆಳಿಗ್ಗೆ, ಅವನ ಹೆಂಡತಿ ದ್ರಾಕ್ಷಾಯಿಣಿ ರಾಣೇಬೆನ್ನೂರಿನಿಂದ ಹೊಳೆದಂಡೆಯ ಊರಿಗೆ ಬಂದಿಳಿದಳು. ಅಲ್ಲಿ ನೀರಿಗೆ ತಾಗಿಸಿ ಕಟ್ಟಿದ ರೆಸಾರ್ಟಿನ ವಿರುದ್ಧ ಅವನು ಕೇಸು ಹಾಕಿದ್ದ. ಬಸ್ ನಿಲ್ದಾಣದ ಕಟ್ಟೆಯಲ್ಲಿ ಕೂತ ಮುದುಕ, ಮುದುಕಿ ಅದನ್ನೇ ಮಾತಾಡುತ್ತಿದ್ದರು.

“ರೆಸಾರ್ಟು ದಂಡಿಯಿಂದ ದೂರ ಐತಿ ಅಂತ ಕೋರ್ಟಿಗೆ ಹೇಳ್ಯಾರಂತಲ್ಲೋ ಹಾಲೇಶಪ್ಪ?”

“ಬ್ಯಾಸಗ್ಯಾಗ ಅಳತಿ ಹಿಡದಾರ, ಮೈಲವ್ವ. ಮಲಗಿದ ಹೊಳಿ ಅಳದಾರ. ಎದ್ದಾಗ ಅಳೀಬೇಕಿತ್ತು.”

“ಎದ್ದಾಗ ಅಳತಿ ಮಾಡಾಕ ಹೋಗೇ ಆ ಹುಡುಗ ಹೊಳಿಪಾಲಾದ. ಅಳತಿಗಂತ ನೀ ಕೊಟ್ಟ ಹಗ್ಗಾನೂ ಹೋತು.”

“ಹಗ್ಗ ಹೋಗ್ಲಿ. ಕೇಸು ಉಳೀಬೇಕಂದ್ರ ಅವನ ಬದಲಿ ಊರಾಗಿನವರು ಯಾರರ ಸಹಿ ಹಾಕಬೇಕಂತ. ನೀ ಹಾಕ್ತಿಯೇನ?”

“ನನ್ನ ಮಗ ಅಲ್ಲೇ ವಾಚಮನ್ ಅದಾನ. ನೀನ ಹಾಕು, ದೊಡ್ಡ ಮನಶ್ಯಾ!”

“ನನ್ನ ಸೊಸಿ ಅಲ್ಲೇ ರೊಟ್ಟಿ ಬಡೀತಾಳಲ್ಲ.”

ಬಸ್ಸು ಬಂತು. ಇಬ್ಬರೂ ಎದ್ದರು. ಪಕ್ಕದಲ್ಲೇ ನಿಂತು ಎಲ್ಲ ಕೇಳಿಸಿಕೊಂಡಿದ್ದ ದ್ರಾಕ್ಷಾಯಿಣಿ ಚೀಲದಿಂದ ಹಗ್ಗ ತೆಗೆದು ಮುದುಕನ ಕೈಗಿತ್ತಳು.

“ರೆಸಾರ್ಟಿನ ಕಂಬಕ್ಕ ಕಟ್ಟಿದ್ದು ಉಳದಿತ್ರಿ, ಅಜ್ಜಾರ. ನಿಮ್ಮ ಹಗ್ಗ.”

ಅವನು ಅವಳ ಮುಖ ನೋಡಿದ. ಹಗ್ಗದ ನಡುವೆ ಬೆರಳು ನಿಂತಿತು.

“ನೀರು ಎಲ್ಲಿತನಕ ಬಂತು ಅಂತ ಗುರುತಿಗೆ ಅಂವ ಹಾಕಿದ ಗಂಟೇನವ್ವಾ ಇದು?”

“ಹೌದ್ರಿ.”

ಹಾಲೇಶಪ್ಪ ತಲೆ ತಗ್ಗಿಸಿ, ನಿಧಾನವಾಗಿ ಆ ಗಂಟು ಬಿಚ್ಚಿದ.

“ಎತ್ತಿಗೆ ಬೇಕವ್ವಾ ಹಗ್ಗ,” ಎಂದು ಬಸ್ಸು ಹತ್ತಿದ.