ಒಣಗದ ಅಂಗೈ

ದೀಪ ಸ್ವಲ್ಪ ಸಣ್ಣ ಮಾಡಿ. ಕೇಳಿ... ಇದು ನನ್ನ ಚಿಕ್ಕಪ್ಪನ ಮಗ ಗಿಚೂಹಿಗೆ ಆದದ್ದು. ಕುಡಿದಾಗ ಅವನೇ ಬಾಯಿಬಿಟ್ಟದ್ದು. ನಂಬದವರು ನಮ್ಮೂರು ಲಿಮುರುವಿಗೆ ಹೋಗಿ ಅವನ ಕೈ ಕುಲುಕಿ ನೋಡಲಿ. ನಾನಂತೂ ಇನ್ನೊಮ್ಮೆ ಕುಲುಕುವುದಿಲ್ಲ.

ಆ ರಾತ್ರಿ ಅವನು ಕೊನೆಯ ಮಟಾಟು ವ್ಯಾನಿನಿಂದ ಇಳಿದು, ಚಹಾ ತೋಟದ ಪಕ್ಕ ನಡೆದು ಬರುತ್ತಿದ್ದ. ತಿರುವಿನಲ್ಲಿ ಮುಗುಮೊ ಮರ, ಆಲದ ಜಾತಿಯದು. ಅದರ ಕೆಳಗೆ ಸುಳ್ಳಾಡಬಾರದು ಅಂತ ನಮ್ಮವರ ಕಟ್ಟಳೆ. ಗಿಚೂಹಿಯ ಕಸುಬೇ ಸುಳ್ಳು ಹಿಡಿಯುವುದು. ಹೆಗಲಲ್ಲಿ ಪಾಲಿಗ್ರಾಫ್ ಯಂತ್ರದ ಪೆಟ್ಟಿಗೆ.

ಬೆರಳಿಗೆ ಎರಡು ಲೋಹದ ಬಿಲ್ಲೆ ಕಟ್ಟುತ್ತಾರೆ. ಸುಳ್ಳಾಡುವಾಗ ಬೆರಳು ಬೆವರಿದರೆ ಯಂತ್ರದ ಗೀಟು ಏರುತ್ತದೆ. ಆದರೆ ಅದಕ್ಕೆ ಮುಂಚೆ ಒಂದು ಮಾತುಕತೆ ಇರುತ್ತದೆ, ಅಸಲು ಕೆಲಸ ಅದೇ. ಹೆದರಿಸಬಾರದು. ಸುಳ್ಳು ಆಸೆ ತೋರಿಸಬಾರದು. ಕೇಳುವ ಪ್ರಶ್ನೆಗಳನ್ನು ಮೊದಲೇ ತಿಳಿಸಿ, ನ್ಯಾಯವಾಗಿ ಮನವೊಲಿಸಬೇಕು. ಹೊಸಬರಿಗೆ ಈ ಪಾಠ ಹೇಳುವವನೂ ಗಿಚೂಹಿಯೇ. ಥೂ!

ಹೋದ ವರ್ಷ ಚಹಾ ಕಾರ್ಖಾನೆಯಲ್ಲಿ ಒಂದು ಮೋಟಾರು ಕಳುವಾಯಿತು. ಕಾವಲುಗಾರ ಕಿಬೆಯನ್ನು ಇವನ ಮುಂದೆ ಕೂರಿಸಿದರು. ನಶ್ಯ ಏರಿಸಿಕೊಂಡು ತನ್ನ ಪಾಡಿಗೆ ತಾನಿದ್ದ ಮುದುಕ. ಕಳ್ಳ ಇವನೇ ಅನ್ನಿಸಿ ಮುಗಿಸಲು ಮ್ಯಾನೇಜರಿಗೆ ಅವಸರ. ಗಿಚೂಹಿ ಯಂತ್ರವನ್ನು ಪೆಟ್ಟಿಗೆಯಿಂದ ತೆಗೆಯಲೇ ಇಲ್ಲ. ಚಹಾ ಕೊಟ್ಟ, ಮುದುಕನ ಕೈ ಹಿಡಿದುಕೊಂಡ.

"ಅಜ್ಜಾ, ಸುಮ್ನೆ ನಾನೇ ಅಂದ್ಬಿಡು. ಸಂಜೆಗೆ ಮನೆಗೆ ಕಳಿಸ್ತೀನಿ. ನಮ್ಮವ್ವನಾಣೆ."

"ನಾನ್ ತಗೊಂಡಿಲ್ವಲ್ಲ ಮಗಾ."

"ಗೊತ್ತು. ಆದ್ರೂ ಅನ್ನು. ಮನೆಗೆ ಹೋಗ್ತೀಯ."

ಗೊತ್ತು ಅಂದನಂತೆ! ಮುದುಕ ನಂಬಿದ, ಹೇಳಿದ ಹಾಗೆ ಅಂದ. ನಮ್ಮಲ್ಲಿ ಹಿರಿಯರು ಹರಸುವುದು ಅಂಗೈಗೆ ಉಗುಳಿ. ಗಿಚೂಹಿಯ ಅಂಗೈ ಬಿಡಿಸಿ, ತುಪುಕ್ ಅಂತ ಒಂದು ಹನಿ ಉಗುಳಿ, "ಕೊಟ್ಟ ಮಾತು ಉಳಿಸ್ಕೊಳೋನಾಗಪ್ಪ" ಅಂತ ಹರಸಿದ.

ಸಂಜೆ ಬಂದದ್ದು ಪೊಲೀಸರ ಜೀಪು. ಲಾಕಪ್ಪಿನಲ್ಲೇ ಕಿಬೆ ಸತ್ತ. ಆಮೇಲೆ ಮೋಟಾರು ಮ್ಯಾನೇಜರನ ಷಡ್ಡಕನ ಗಿರಣಿಯಲ್ಲಿ ತಿರುಗುತ್ತಿದ್ದದ್ದನ್ನು ಗಿಚೂಹಿ ಕಣ್ಣಾರೆ ಕಂಡ. ಕೆಲಸ ಹೋದೀತು ಅಂತ ತುಟಿ ಬಿಚ್ಚಲಿಲ್ಲ. ಕಿಬೆಯ ಹೆಂಡತಿ ನ್ಯೋಕಾಬಿಯನ್ನು ಊರು ಕಳ್ಳನ ಹೆಂಡತಿ ಅಂದಿತು. ಅವಳ ಹಸುವಿನ ಹಾಲು ಕೊಳ್ಳುವವರಿಲ್ಲ.

ಸರಿ... ಆ ರಾತ್ರಿ ಗಿಚೂಹಿ ಮುಗುಮೊ ಹತ್ತಿರ ಬಂದ. ಕಪ್ಪೆಗಳು ವಟಗುಟ್ಟುತ್ತಿದ್ದವು. ತಟ್ಟನೆ ನಿಂತವು.

ಟಕ್... ಟಕ್... ಕೋಲಿನ ಸದ್ದು. ಆಮೇಲೆ ಸೊರ್ರ್... ನಶ್ಯ ಎಳೆದ ಸದ್ದು.

"ಮಗಾ..."

ಗಿಚೂಹಿ ಪೆಟ್ಟಿಗೆಯನ್ನು ಎದೆಗೆ ಅವಚಿಕೊಂಡ.

"ಸಂಜೆ ಆಯ್ತಲ್ಲ ಮಗಾ. ಮನೆಗೆ ಯಾವಾಗ ಕಳಿಸ್ತೀಯ?"

"ಅ... ಅಜ್ಜಾ..."

"ಕಳ್ಳ ಅಂತಾರೆ. ನಮ್ಮನೆ ಬೇಲಿ ಒಳಗೆ ಹೋಗೋಕಾಗ್ತಿಲ್ಲ. ನಾನಲ್ಲ ಅಂತ ನೀನ್ ಹೇಳಿದ್ರೆ ಹೋಗ್ತೀನಿ."

ಅಷ್ಟೇ ಕೇಳಿದ್ದು ಪಾಪ. ಆ ನೀಚ ಏನು ಮಾಡಿದ ಗೊತ್ತೆ? ದನಿ ಮೆತ್ತಗೆ ಮಾಡಿಕೊಂಡ. ಅವತ್ತಿನ ಅದೇ ದನಿ.

"ಭಾನುವಾರ ಚರ್ಚಲ್ಲಿ ಎಲ್ಲರ ಮುಂದೆ ಹೇಳ್ತೀನಿ ಅಜ್ಜಾ. ನಮ್ಮವ್ವನಾಣೆ."

ಸತ್ತವನಿಗೂ ಅದೇ ಸುಳ್ಳು! ಅದೂ ಮುಗುಮೊ ಕೆಳಗೆ ನಿಂತು!

ಕತ್ತಲಲ್ಲಿ ತಣ್ಣನೆಯ ಬೆರಳುಗಳು ಅವನ ಅಂಗೈ ಬಿಡಿಸಿದವು. ತುಪುಕ್. ಟಕ್... ಟಕ್... ಕೋಲು ದೂರವಾಯಿತು. ಕಪ್ಪೆಗಳು ಮತ್ತೆ ಶುರುಮಾಡಿದವು.

ಭಾನುವಾರ ಚರ್ಚಿನಲ್ಲಿ ನಾನೂ ಇದ್ದೆ. ಏನಾದರೂ ಹೇಳುವವರಿದ್ದೀರಾ ಅಂತ ಪಾದ್ರಿ ಕೇಳಿದರು. ಗಿಚೂಹಿ ಎದ್ದ... ಕೆಮ್ಮಿದ... ಕೂತ. ಹೊರಗೆ ಬಂದು ನನ್ನ ಕೈ ಕುಲುಕಿದ. ಅಂಟಂಟು ಒದ್ದೆ, ನಶ್ಯದ ನಾತ. ಹೇಸಿಗೆಯಾಗಿ ಪ್ಯಾಂಟಿಗೆ ಒರೆಸಿಕೊಂಡೆ.

"ಏನೋ ಇದು?"

"ಬೆವರು ಕಣೋ," ಅಂದ.

ಬೆವರಂತೆ! ಒರೆಸಿದಷ್ಟೂ ಊರುತ್ತದೆ. ಅವನ ಯಂತ್ರವೂ ಕೆಟ್ಟಿತು. ಯಾರನ್ನು ಕೂರಿಸಿದರೂ ಇವನ ಕೈ ತಾಗಿ ಬಿಲ್ಲೆ ಒದ್ದೆ, ಗೀಟು ಆಕಾಶಕ್ಕೆ. ಕೆಲಸ ಹೋಯಿತು. ಆದರೂ ಬಾಯಿ ಬಿಡಲಿಲ್ಲ, ಕುಡಿದಾಗ ನನ್ನೆದುರು ಬಿಟ್ಟದ್ದೊಂದೇ.

ನಾನೇ ಹೋಗಿ ನ್ಯೋಕಾಬಿಗೆ ಎಲ್ಲ ಹೇಳಿದೆ. ಹಾಲು ಕರೆಯುತ್ತಿದ್ದವಳು ತಲೆಯೆತ್ತಲಿಲ್ಲ.

"ನೀನ್ ಹೇಳಿದ್ರೆ ಏನ್ ಬಂತಪ್ಪ? ನಂಬಿಸಿದೋನು ಹೇಳ್ಬೇಕು."

"ರಾತ್ರಿ ಬೇಲಿ ಬಾಗಿಲು ಹಾಕ್ಕೋತೀಯ ತಾನೆ?"

"ಇಲ್ಲ. ತೆಗೆದೇ ಇಟ್ಟಿರ್ತೀನಿ."

ಆಣೆ ಮಾಡಿ ಹೇಳುತ್ತೇನೆ, ಮರುದಿನ ಬೆಳಿಗ್ಗೆ ನಾನೇ ನೋಡಿದೆ. ಬೇಲಿಯ ಆಚೆ ಮಣ್ಣಿನ ತುಂಬ ಕೋಲೂರಿದ ಗುಳಿಗಳು. ತೆರೆದ ಬಾಗಿಲಿನ ಒಳಗೆ ಒಂದೂ ಇರಲಿಲ್ಲ.