ಮಾಳಿಗೆಗೆ ಎಸೆದ ಹಲ್ಲು

ಹೊಸಪೇಟೆ ಸ್ಟೇಷನ್ನಿನಲ್ಲಿ ಗಾಡಿಗೆ ಕಾಯುತ್ತಿದ್ದ ಜವಾನನೊಬ್ಬ, ಮುದುಕಿ ತಾಯಿ ಮನೆಯಿಂದ ತಂದುಕೊಟ್ಟ ಬೆಂಕಿಪೊಟ್ಟಣ ತೆರೆದು ನೋಡಿ ಬಿಳಿಚಿಕೊಂಡ.

“ಎವ್ವಾ, ಇದರಾಗಿನ ಹಲ್ಲು ಎಲ್ಲಿ? ನೆಲ ಅಗಸಿ ಹಳೇ ಕಲ್ಲು ಹುಡುಕೋ ದೊರಿ ಈ ಗಾಡಿಗೇ ಬರ್ತಾರ, ಅವರಿಗೆ ಅದನ್ನ ಕೊಡಬೇಕಿತ್ತು.”

“ಮೊಮ್ಮಗಳ ಬಿದ್ದ ಹಲ್ಲು ಅಂತ ತಿಳಕೊಂಡೆಪಾ. ಸಗಣ್ಯಾಗ ಇಟ್ಟು, ಆಕಿ ಕೈಲೇ ಮಾಳಿಗಿ ಮ್ಯಾಲ ಒಗಸಿದೆ.”

“ಅದು ಕಲ್ಲಾದ ಹಲ್ಲು. ಲಕ್ಷಗಟ್ಟಲೆ ವರ್ಷದ ಹಿಂದ ಇದ್ದ, ಮೈತುಂಬ ಎಲುಬಿನ ಚಿಪ್ಪಿದ್ದ, ಸೊಪ್ಪು ತಿನ್ನೋ ಪ್ರಾಣೀದು. ಆನಿಗಿಂತ ಉದ್ದ ಇತ್ತಂತ.”

“ಅಷ್ಟು ದೊಡ್ಡದಕ್ಕ ಕೂಸಿನ ಹಲ್ಲಿನಷ್ಟು ಸಣ್ಣ ಹಲ್ಲೇನು?”

“ಹೂಂ. ನನ್ನ ನೌಕರಿ ಹೋತು.”

ಗಾಡಿ ಬಂತು. ಖಾಲಿ ಪೊಟ್ಟಣ ಹಿಡಿದೇ ಅವನು ದೊರೆ ಕೂತಿದ್ದ ಡಬ್ಬಿಯತ್ತ ನಡೆದ. ಮುದುಕಿ ಅವನ ಅಂಗಿ ಬಿಡದೆ ಹಿಂದೆಯೇ ಹೋಗುತ್ತ ಕೇಳುತ್ತಿದ್ದಳು:

“ನೌಕರಿ ಹಾಳಾಗಿ ಹೋಗ್ಲಿ. ‘ಈ ಹಲ್ಲು ತಗೊಂಡು ಹೊಸದು ಕೊಡು’ ಅಂತ ಕೂಸು ಬೇಡ್ಕೊಂಡೈತಲ್ಲೋ. ಈಗ ಆಕಿ ಬಾಯಾಗ ಯಾರ ಹಲ್ಲು ಬರ್ತೈತಿ?”