ವಾರಗಿತ್ತಿಯರ ರಾಶಿ ಪಾಲು

ಕೇಳ್ರಪ್ಪಾ, ಕೇಳ್ರವ್ವಾ. ನೀವು ಹೂಂ ಅಂದ್ರೆ ಕತೆ, ಇಲ್ಲದಿದ್ರೆ ನಾನೂ ಮಲಗ್ತೀನಿ.

ಯಾವುದೋ ಒಂದು ಸೀಮೆ. ಹೆಸರು ಕೇಳಬೇಡಿ, ಆ ಊರೋರು ಜಗಳಕ್ಕೆ ಬರ್ತಾರೆ. ಅಲ್ಲಿ ಇಬ್ಬರು ವಾರಗಿತ್ತಿಯರು. ಹಿರೀ ಸೊಸೆ ದ್ಯಾವಮ್ಮ, ಕಿರೀ ಸೊಸೆ ಕೆಂಚಿ. ಮನೆ ಎರಡಾಗಿತ್ತು, ಹೊಲ ಒಂದೇ. ಹೊಲದಲ್ಲಿ ರಾಗಿ, ಜೊತೆಗೆ ಅವರೆ. ಆ ಊರೋರ ಬುದ್ಧಿವಂತಿಕೆ ನೋಡಿ, ಎರಡನ್ನೂ ಒಂದೇ ಕಣದಲ್ಲಿ ಹರಡಿ ಒಟ್ಟಿಗೇ ರೋಣಗಲ್ಲು ಉರುಳಿಸ್ತಿದ್ರು. ಪಾಲಾಗೋವರೆಗೂ ರಾಶಿಗೆ ಜರಡಿ ಮುಟ್ಟಿಸೋ ಹಾಗಿಲ್ಲ, ಮುಟ್ಟಿಸಿದ್ರೆ ಲಕ್ಷ್ಮಿ ಮುನಿಸ್ಕೋತಾಳೆ ಅನ್ನೋದು ಅವರ ಕಟ್ಟಳೆ.

ಮೊದಲ ವರ್ಷ ಕಾಳನ್ನ ಎತ್ತರದಿಂದ ಸುರಿದ್ರು. ಸಣ್ಣ ರಾಗಿ ಬಿದ್ದಲ್ಲೇ ಕೂತ್ಕೊಂತು. ದಪ್ಪ ಅವರೆ ಉರುಳಿ ಉರುಳಿ ಉರುಳಿ ಅಂಚಿಗೆ ಹೋಯ್ತು. ದ್ಯಾವಮ್ಮ ಸೊಂಟಕ್ಕೆ ಕೈಕೊಟ್ಟು, "ಹಿರಿಯಳು ನಾನು. ನಡು ನಂದು, ಅಂಚು ನಿಂದು" ಅಂದ್ಲು.

ಕೆಂಚಿ ಮನೇಲಿ ಬೆಳಿಗ್ಗೆ ಅವರೆ, ಮಧ್ಯಾಹ್ನ ಅವರೆ, ರಾತ್ರಿ ಅವರೆ. ಗಂಡನ ಹೊಟ್ಟೇಲಿ ಗುಡುಗು, ಮಕ್ಕಳ ಹೊಟ್ಟೇಲಿ ಗುಡುಗು. ನಗಬೇಡಿ. ಮಕ್ಕಳು ಮುದ್ದೆ ಮುದ್ದೆ ಅಂತ ಅಳೋದು ಕೇಳಲಾರದೆ ಅವಳು ಮೊರ ಎತ್ಕೊಂಡ್ಲು.

"ಅಕ್ಕಾ, ಒಂದು ಮೊರ ಅವರೆ ಇಟ್ಕೊಂಡು ಒಂದು ಮೊರ ರಾಗಿ ಕೊಡು" ಅಂತ ಹೋದ್ಲು.

"ಪಾಲಾದ ಮೇಲೆ ಮುಗೀತು ಕಣೇ, ನಡಿ" ಅಂದ್ಲು ದ್ಯಾವಮ್ಮ.

ಎರಡನೇ ವರ್ಷಾನೂ ಅದೇ ಸುರಿಯೋದು, ಅದೇ ಪಾಲು, ಅದೇ ಗುಡುಗು.

ಆಗ ಕೆಂಚಿ ಏನ್ಮಾಡಿದ್ಲು? ಅಳೋದು ಬಿಟ್ಟು ಆಟಕ್ಕೆ ಕೂತ್ಲು. ಪಕ್ಕದ ಮನೆಯಿಂದ ಹಿಡಿ ರಾಗಿ ತಂದು ಅವರೆ ಬೆರೆಸಿದ್ಲು. ತಟ್ಟೆಗೆ ಸುರಿದ್ರೆ ಅವರೆ ಅಂಚಿಗೆ. ಮೊರಕ್ಕೆ ಸುರಿದ್ರೂ ಅಂಚಿಗೆ. ಕೊನೆಗೆ ಚೊಂಬಿಗೆ ತುಂಬಿ ಅಲ್ಲಾಡಿಸಿದ್ಲು. ರಾಗಿ ಸಂದೀಲಿ ನುಸುಳಿ ನುಸುಳಿ ತಳ ಸೇರ್ತು. ಅವರೆ ಮೇಲೆ ಬಂದು ಕೂತ್ಕೊಂತು. "ಎಲಾ ಇವನ" ಅಂದ್ಲು. ಹೆಂಡ್ತಿಗೆ ತಲೆ ಕೆಟ್ಟಿದೆ ಅಂದ್ಕೊಂಡ ಗಂಡ.

ಮೂರನೇ ವರ್ಷ ಕಣದಲ್ಲಿ ಕೆಂಚಿ ಅಂದ್ಲು, "ಅಕ್ಕಾ, ಹಿರಿಯಳು ನೀನು ನೆಲಕ್ಕೆ ಬಗ್ಗಿ ಬಳಕೋದು ಚೆಂದವಾ? ಗಾಡಿ ಮೇಲೆ ದೊಡ್ಡ ವಾಡೆ ಇಟ್ಟು, ಆ ಗುಡಾಣದ ತುಂಬ ಕಾಳು ತುಂಬೋಣ. ಮನೇಲಿ ಮೇಲಿನ ಅರ್ಧ ನೀನು ತಗೋ, ತಳದ್ದು ನಂಗೆ ಸಾಕು."

ದ್ಯಾವಮ್ಮ ಉಬ್ಬಿಹೋದ್ಲು. ಎಲ್ಲರ ಎದುರಿಗೇ ಹೂಂ ಅಂದ್ಲು.

ಗಾಡಿ ಹೊರಡ್ತು. ಕೆಂಚಿ ಎತ್ತುಗಳನ್ನ ಕಲ್ಲುದಾರಿಗೆ ತಿರುಗಿಸಿದ್ಲು. ಗಡ ಗಡ ಗಡ. ಊರು ಬಂದ್ರೂ ನಿಲ್ಲಿಸಲಿಲ್ಲ.

"ಯಾಕೇ ಈ ಸುತ್ತು?"

"ಊರೋರು ನೋಡ್ಲಿ ಅಕ್ಕಾ, ನಿನ್ನ ರಾಶೀನ."

ಮನೇಲಿ ವಾಡೆಯ ಬಾಯಿ ತೆಗೆದ್ರೆ ಅವರೆ. ಬಗೆದಷ್ಟೂ ಅವರೆ. ದ್ಯಾವಮ್ಮ ಅದನ್ನೇ ಹೊತ್ಕೊಂಡು ಹೋದ್ಲು. ಕೊಟ್ಟ ಮಾತು ಊರಿಗೇ ಗೊತ್ತಿತ್ತು.

ತಿಂಗಳು ಕಳೀತು. ಮೊರದ ತುಂಬ ಅವರೆ ಹಿಡ್ಕೊಂಡು ದ್ಯಾವಮ್ಮ ಕೆಂಚಿಯ ಬಾಗಿಲಿಗೆ ಬಂದ್ಲು. ಅವಳಿಗಿಂತ ಮೊದಲು ಅವಳ ಹೊಟ್ಟೆಯ ಗುಡುಗೇ ಮಾತಾಡ್ತು. ಕೆಂಚಿ "ನಡಿ" ಅನ್ನಬಹುದಿತ್ತು. ನೀವಾದ್ರೆ ಅಂತಿದ್ರಿ, ನಾನಂತೂ ಎರಡು ಸಲ ಅಂತಿದ್ದೆ. ಅವಳು ಅನ್ನಲಿಲ್ಲ. ಮೊರ ತುಂಬ ರಾಗಿ ಸುರಿದ್ಲು.

"ಬರೋ ವರ್ಷ ಮೊದಲು ಜರಡಿ ಹಿಡಿಯೋಣ ಅಕ್ಕಾ, ಆಮೇಲೆ ಪಾಲು."

"ಲಕ್ಷ್ಮಿ ಮುನಿಸ್ಕೊಂಡ್ರೆ?"

"ತಿಂಗಳಿಂದ ನಿನ್ನ ಮನೇಲೇ ಅವರೆ ತಿಂತಾ ಇದ್ದಾಳಲ್ಲ ಅಕ್ಕಾ. ಅವಳಿಗೂ ಮುದ್ದೆ ಬೇಕು ಅನಿಸಿರುತ್ತೆ."

ಅವರು ಉಂಡು ತಣ್ಣಗಾದ್ರು, ನಾನು ಹೇಳಿ ದಣಿದೆ. ಏಳ್ರಪ್ಪಾ, ಯಾರಾದ್ರೂ ಒಂದು ಲೋಟ ಮಜ್ಜಿಗೆ ತನ್ನಿ.